ಬಲೀಂದ್ರನಿಗೆ ತೋರಿಸಲೊಂದು ಗದ್ದೆ

ದೊಡ್ಡಪ್ಪ ಹಳೇ ಪಂಚೆ ಹರಿಯುವ ಸದ್ದು ಕೇಳಿತೆಂದರೆ ನಮ್ಮ ಮನೆಯಲ್ಲಿ ದೀಪಾವಳಿ ಶುರುವಾಯಿತೆಂದೇ ಲೆಕ್ಕ. ಉಟ್ಟು ಉಟ್ಟು ನೂಲು ಸವೆದ ಬಿಳಿ ಪಂಚೆಯನ್ನು ಜಗಲಿಯ ಮೇಲೆ ಹರವಿಕೊಳ್ಳುತ್ತಾರೆ. ಅಂಚನ್ನು ಹಲ್ಲಲ್ಲಿ ಕಚ್ಚಿ ಸೀಳು ಮಾಡಿಕೊಂಡು ಎರಡು ಬೆರಳಗಲದ ಪಟ್ಟಿಗಳಾಗಿ ಪರಪರನೆ ಎಳೆಯುತ್ತಾರೆ. ಪಕ್ಕದಲ್ಲಿ ಎದೆಮಟ್ಟದ ಬಿದಿರು ಕೋಲುಗಳ ಕಟ್ಟು, ಒಂದು ಹಳೇ ತಂಬಿಗೆಯಲ್ಲಿ ಹೊಂಗೆ ಎಣ್ಣೆ. ಕೋಲಿನ ತುದಿಗೆ ಬಟ್ಟೆ ಸುತ್ತುವುದು ನೋಡುವುದಕ್ಕೆ ಸುಲಭ. ಕೂತು ಸುತ್ತಿದರೆ ಗೊತ್ತಾಗುತ್ತದೆ. ಬಿಗಿಯಾಗಿ ಸುತ್ತಿದರೆ ಬಟ್ಟೆ ಎಣ್ಣೆ ಕುಡಿಯುವುದಿಲ್ಲ. ಸಡಿಲ ಬಿಟ್ಟರೆ ಉರಿಯುತ್ತಾ ಉರಿಯುತ್ತಾ ಜಾರಿ ಕೆಸರಿಗೆ ಬೀಳುತ್ತದೆ. ದೊಡ್ಡಪ್ಪ ಮೂರು ಸುತ್ತು ಬಿಗಿ, ಮೂರು ಸುತ್ತು ಸಡಿಲ, ಮತ್ತೆ ಎರಡು ಸುತ್ತು ಬಿಗಿ ಹಾಕಿ, ಕೊನೆಗೆ ಬಾಳೆನಾರಿನಲ್ಲಿ ಕಟ್ಟುತ್ತಾರೆ. ಅವರಿಗೆ ಇದನ್ನು ಕಲಿಸಿದ್ದು ಅವರ ಅಪ್ಪ. ನಾನು ನಲವತ್ತು ವರ್ಷದಿಂದ ಪಕ್ಕದಲ್ಲಿ ಕೂತು ನೋಡುತ್ತಿದ್ದೇನೆ. ನನ್ನ ಕೋಲು ಈಗಲೂ ಒಮ್ಮೊಮ್ಮೆ ಜಾರುತ್ತದೆ.

ಈ ಕೋಲುದೀಪ ಹೋಗುವುದು ಗದ್ದೆಗೆ. ನಮ್ಮ ಕಡೆ ದೀಪಾವಳಿಯೆಂದರೆ ಮನೆಯ ಹಬ್ಬಕ್ಕಿಂತ ಹೆಚ್ಚಾಗಿ ಗದ್ದೆಯ ಹಬ್ಬ. ನಾನು ಚಿಕ್ಕವಳಿದ್ದಾಗ ದೊಡ್ಡಪ್ಪ, ಅಪ್ಪ, ಚಿಕ್ಕಪ್ಪ ಮೂವರೂ ಕೂತು ಅರವತ್ತಕ್ಕೂ ಹೆಚ್ಚು ಕೋಲು ಕಟ್ಟುತ್ತಿದ್ದರು. ಗದ್ದೆಗೊಂದು ಕೋಲು ಎಂಬ ಲೆಕ್ಕ. ಕಳೆದ ವರ್ಷ, 2025ರ ಹಬ್ಬಕ್ಕೆ, ಕಟ್ಟಿದ್ದು ಹನ್ನೊಂದು. ಈ ಲೇಖನ ಆ ಹನ್ನೊಂದು ಕೋಲಿನ ಬಗ್ಗೆ.

ನಮ್ಮ ಮನೆ ಇರುವುದು ಸಕಲೇಶಪುರ ತಾಲ್ಲೂಕಿನ ಯಸಳೂರು ಹೋಬಳಿಯಲ್ಲಿ, ಒಂದು ಗುಡ್ಡದ ಮಗ್ಗುಲಿಗೆ. ಮನೆ ಹಿಂದೆ ಕಾಫಿ ತೋಟ ಮೇಲಕ್ಕೇರುತ್ತದೆ, ಮುಂದೆ ಗದ್ದೆ ಬಯಲು ಮೆಟ್ಟಿಲು ಮೆಟ್ಟಿಲಾಗಿ ಹಳ್ಳಕ್ಕಿಳಿಯುತ್ತದೆ. ಅಣ್ಣ ಅತ್ತಿಗೆ, ದೊಡ್ಡಪ್ಪ ದೊಡ್ಡಮ್ಮ ಅಲ್ಲೇ ಇರುವವರು. ಉಳಿದವರೆಲ್ಲ ಬೆಂಗಳೂರು, ಮೈಸೂರು, ಮಂಗಳೂರು. ಒಬ್ಬ ತಮ್ಮ ದುಬೈನಲ್ಲಿದ್ದಾನೆ. ಯುಗಾದಿಗೆ ಬರದವರಿದ್ದಾರೆ, ಊರಹಬ್ಬ ತಪ್ಪಿಸಿದವರಿದ್ದಾರೆ. ದೀಪಾವಳಿ ತಪ್ಪಿಸಿದವರು ಕಡಿಮೆ. ನೀರು ತುಂಬುವ ದಿನ ಸಂಜೆಯೊಳಗೆ ಮನೆಯಲ್ಲಿ ಇಪ್ಪತ್ತಮೂರು ಜನ ಸೇರಿದ್ದೆವು. ಹಾಸಿಗೆ ಸಾಲದೆ ಮಕ್ಕಳು ಅಟ್ಟದ ಮೇಲೆ ಕಂಬಳಿ ಹಾಸಿಕೊಂಡರು.

ಈ ಹೊತ್ತಿನಲ್ಲಿ ಮಲೆನಾಡನ್ನು ನೋಡಬೇಕು. ಜೂನ್‌ನಿಂದ ಹೊಡೆದ ಮಳೆ ಕೈಬಿಡುತ್ತಾ ಬಂದಿರುತ್ತದೆ, ಪೂರ್ತಿ ಬಿಟ್ಟಿರುವುದಿಲ್ಲ. ಚಿತ್ತೆ ಮಳೆ ಮಧ್ಯಾಹ್ನದ ಮೇಲೆ ಗುಡುಗಿಕೊಂಡು ಬಂದು ಅರ್ಧ ಗಂಟೆ ಸುರಿದು ಹೋಗುತ್ತದೆ. ಅಂಗಳದ ಪಾಚಿ ಇನ್ನೂ ಒಣಗಿಲ್ಲ. ಅರೇಬಿಕಾ ಗಿಡದಲ್ಲಿ ಅಲ್ಲೊಂದು ಇಲ್ಲೊಂದು ಹಣ್ಣು ಕೆಂಪಾಗಿದೆ, ಕೊಯ್ಲಿಗೆ ಇನ್ನೂ ಮೂರು ನಾಲ್ಕು ವಾರ. ಭತ್ತ ತೆನೆ ಬಿಚ್ಚಿ ಹಾಲು ಕಟ್ಟುತ್ತಿದೆ. ನಾಟಿಯ ದುಡಿತ ಮುಗಿದು, ಕಾಫಿ ಕೊಯ್ಲಿನ ದುಡಿತ ಶುರುವಾಗದ ಈ ಸಣ್ಣ ಬಿಡುವಿನಲ್ಲೇ ಹಬ್ಬ ಬರುತ್ತದೆ. ತೋಟದವರಿಗೆ ವರ್ಷದಲ್ಲಿ ಇಂಥ ಬಿಡುವು ಇನ್ನೊಂದಿಲ್ಲ.

ಊರಿಗೆ ಬರುವ ದಾರಿಯಲ್ಲಿ ಹಾಸನ ದಾಟುವುದೇ ದೊಡ್ಡ ಕೆಲಸ. ವರ್ಷಕ್ಕೊಮ್ಮೆ ಮಾತ್ರ ಬಾಗಿಲು ತೆರೆಯುವ ಹಾಸನಾಂಬೆಯ ದರ್ಶನ ಇದೇ ಹೊತ್ತಿಗೆ. ಆಶ್ವಯುಜ ಹುಣ್ಣಿಮೆ ಕಳೆದ ಮೊದಲ ಗುರುವಾರ ಬಾಳೆಕಂದು ಕಡಿದು ಬಾಗಿಲು ತೆಗೆದರೆ, ಬಲಿಪಾಡ್ಯಮಿಯ ಮಾರನೇ ದಿನ ಮುಚ್ಚುತ್ತಾರೆ. 2025ರಲ್ಲಿ ಅಕ್ಟೋಬರ್ 9ರಿಂದ 23ರವರೆಗೆ ತೆರೆದಿತ್ತು. ಹಿಂದಿನ ವರ್ಷ ಹಚ್ಚಿಟ್ಟ ದೀಪ ಉರಿಯುತ್ತಲೇ ಇರುತ್ತದೆ, ಮುಡಿಸಿದ ಹೂ ಬಾಡಿರುವುದಿಲ್ಲ ಎಂಬ ನಂಬಿಕೆಯಿಂದ ಲಕ್ಷಾಂತರ ಜನ ಬರುತ್ತಾರೆ. ನನ್ನ ಅವ್ವ ಕೂಡ ಪ್ರತಿವರ್ಷ ಸಾಲಿನಲ್ಲಿ ನಿಲ್ಲುತ್ತಿದ್ದಳು. ಅವಳಿಗೆ ಹಾಸನಾಂಬೆಯ ಕಥೆಗಳಲ್ಲಿ ಸೊಸೆಯ ಕಲ್ಲಿನದು ಇಷ್ಟ. ಅತ್ತೆಯ ಕಾಟ ತಾಳದೆ ಮೊರೆಯಿಟ್ಟ ಸೊಸೆಯನ್ನು ದೇವಿ ಕಲ್ಲಾಗಿಸಿ ತನ್ನ ಹತ್ತಿರ ಇರಿಸಿಕೊಂಡಳಂತೆ. ಆ ಕಲ್ಲು ವರ್ಷಕ್ಕೊಂದು ಅಕ್ಕಿಕಾಳಿನಷ್ಟು ದೇವಿಯ ಕಡೆ ಸರಿಯುತ್ತದಂತೆ. ಅಳತೆಗೆ ಅಕ್ಕಿಕಾಳನ್ನೇ ಹಿಡಿದವರು ಗದ್ದೆಯ ಜನವೇ ಇರಬೇಕು ಎಂದು ನನಗೆ ಯಾವಾಗಲೂ ಅನಿಸಿದೆ.

ಆದರೆ ನಮ್ಮ ಕಡೆಯವರಿಗೆ ಹೆಚ್ಚು ಹತ್ತಿರದವಳು ಹಾಸನಾಂಬೆಯ ತಂಗಿ. ಸಪ್ತಮಾತೃಕೆಯರು ಕಾಶಿಯಿಂದ ದಕ್ಷಿಣಕ್ಕೆ ಬಂದಾಗ ಮೂವರು ಹಾಸನದ ಹುತ್ತದಲ್ಲಿ ನೆಲೆಯಾದರು. ಮೂವರು ಅಲ್ಲೇ ದೇವಿಗೆರೆಯಲ್ಲಿ ಉಳಿದರು. ಒಬ್ಬಳು ಮಾತ್ರ ಊರು ಬೇಡವೆಂದು ಇನ್ನೂ ಪಶ್ಚಿಮಕ್ಕೆ ನಡೆದು ಆಲೂರು ತಾಲ್ಲೂಕಿನಲ್ಲಿ ನಿಂತಳು. ಅವಳೇ ಕೆಂಚಮ್ಮ. ಅವಳಿರುವ ಊರು ಕೆಂಚಮ್ಮನ ಹೊಸಕೋಟೆ. ಅಕ್ಕಂದಿರ ಜೊತೆ ಪೇಟೆಯಲ್ಲಿ ಕೂರದೆ ಕಾಡು, ಗದ್ದೆ ಹುಡುಕಿಕೊಂಡು ಬಂದ ಹೆಣ್ಣುಮಗಳು ಎಂದು ಅಜ್ಜಿ ಅವಳ ಬಗ್ಗೆ ತುಂಬ ಅಭಿಮಾನದಿಂದ ಹೇಳುತ್ತಿದ್ದಳು. ಈಗ ಅವ್ವನಿಗೆ ಮಂಡಿ ನೋವು, ಹಾಸನದ ಸಾಲಿನಲ್ಲಿ ನಿಲ್ಲಲಾರಳು. ಹಾಗಾಗಿ ಮೊದಲು ಕೆಂಚಮ್ಮನ ಹೊಸಕೋಟೆಗೆ ಹೋಗಿ ಹಣ್ಣುಕಾಯಿ ಮಾಡಿಸಿಕೊಂಡು ಮನೆ ಸೇರಿದೆವು. "ತಂಗಿಗೆ ಹೇಳಿದ್ರೆ ಅಕ್ಕಂಗೆ ಮುಟ್ಟುತ್ತೆ ಬಿಡು" ಅಂದಳು.

ಭಾನುವಾರ ಸಂಜೆ ನೀರು ತುಂಬಿದೆವು. ಬಚ್ಚಲ ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಸುತ್ತ ಕೆಮ್ಮಣ್ಣು ಬಳಿದು ಸುಣ್ಣದಲ್ಲಿ ಎಳೆ ಬರೆದು, ಕೊರಳಿಗೆ ಕಾಡುಬಳ್ಳಿಯ ಹಾರ. ಬಾವಿಯಿಂದ ಹೊಸ ನೀರು ಸೇದುವುದು ಮಕ್ಕಳ ಪಾಲು. ಮನೆಗೆ ಮೋಟಾರು ಬಂದು ಮೂವತ್ತು ವರ್ಷವಾಗಿದ್ದರೂ ಆ ಒಂದು ಸಂಜೆ ಮಾತ್ರ ಹಗ್ಗ, ರಾಟೆ, ಕೊಡ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಬೆಳೆದ ನನ್ನ ಮಗಳ ಅಂಗೈ ಕೆಂಪಾಯಿತು. ಅವಳು ಅದನ್ನು ಎಲ್ಲರಿಗೂ ತೋರಿಸಿಕೊಂಡು ಬಂದಳು. ಮಾರನೇ ಬೆಳಗ್ಗೆ ನಾಲ್ಕೂವರೆಗೆ ಎಬ್ಬಿಸಿ ಎಣ್ಣೆ ಹಚ್ಚಿದ್ದು, ಹೊಗೆಯಲ್ಲಿ ಕಣ್ಣುಜ್ಜಿಕೊಂಡು ಒಬ್ಬರ ಹಿಂದೊಬ್ಬರು ಬಚ್ಚಲಿಗೆ ಹೋದದ್ದು, ಮಿಂದು ಬಂದವರಿಗೆ ಒಲೆಯ ಮುಂದೆ ಬೆಲ್ಲದ ಕಾಫಿ ಸಿಕ್ಕಿದ್ದು ಎಲ್ಲ ಮನೆಯಲ್ಲೂ ಇರುವಂಥದ್ದೇ.

ಅಮಾವಾಸ್ಯೆ ದಿನ ಹಿರಿಯರಿಗೆ ಎಡೆ. ನಡುಮನೆಯಲ್ಲಿ ಬಾಳೆಎಲೆ ಹಾಸಿ ಅವರವರು ಇಷ್ಟಪಡುತ್ತಿದ್ದದ್ದನ್ನೇ ಇಡುವುದು. ಅಜ್ಜನಿಗೆ ಒತ್ತುಶಾವಿಗೆ, ಕಾಯಿಹಾಲು. ಅಪ್ಪನಿಗೆ ಕೆಸುವಿನ ಗೊಜ್ಜು. ಅಜ್ಜಿಯ ಎಲೆಯ ತುದಿಯಲ್ಲಿ ವೀಳ್ಯದೆಲೆ, ಅಡಿಕೆ, ಒಂದು ಚೂರು ಹೊಗೆಸೊಪ್ಪು. ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ಬಂದು ಸ್ವಲ್ಪ ಹೊತ್ತು ಸುಮ್ಮನೆ ಕೂತೆವು. ಒಳಗೆ ಅವರು ಉಣ್ಣುತ್ತಿರುತ್ತಾರೆ, ಗದ್ದಲ ಮಾಡಬಾರದು. ಇಪ್ಪತ್ತಮೂರು ಜನ ಮಾತಿಲ್ಲದೆ ಕೂರುವುದು ನಮ್ಮ ಮನೆಯಲ್ಲಿ ವರ್ಷಕ್ಕೆ ಅದೊಂದೇ ಸಲ.

ಬುಧವಾರ ಬಲಿಪಾಡ್ಯಮಿ. ಹಬ್ಬದ ಹಬ್ಬ ಅದು. ಬೆಳಗ್ಗೆಯೇ ಅಡುಗೆಮನೆಯಲ್ಲಿ ಕಡುಬಿನ ಕೆಲಸ ಹಿಡಿದಿತ್ತು. ಅಕ್ಕಿ ತೊಳೆದು ನೆರಳಲ್ಲಿ ಆರಿಸಿ ಒಡೆಸಿದ ತರಿ. ಕುದಿಯುವ ನೀರಿಗೆ ಉಪ್ಪು ಹಾಕಿ, ತರಿ ಸುರಿದು, ಮರದ ಕೋಲಿನಿಂದ ಕೆಳಗಿನಿಂದ ಮೇಲಕ್ಕೆ ತಿರುವಬೇಕು. ದೊಡ್ಡಮ್ಮ ಹಿಟ್ಟು ಬೆಂದಿದೆಯೇ ಎಂದು ರುಚಿ ನೋಡುವುದಿಲ್ಲ, ಕೈ ಒದ್ದೆ ಮಾಡಿಕೊಂಡು ಮೇಲೆ ತಟ್ಟುತ್ತಾರೆ. ಅಂಟದಿದ್ದರೆ ಆಯಿತು. ಬಿಸಿ ಆರುವ ಮೊದಲೇ ಉಂಡೆ ಕಟ್ಟಿ ಹಬೆಗೆ ಇಡಬೇಕು, ಆರಿದರೆ ಬಿರುಕು ಬಿಡುತ್ತದೆ. ಅಂಗೈ ಸುಡುತ್ತದೆಂದು ನಾವು ಹುಡುಗಿಯರು ಕೈ ಝಾಡಿಸಿದರೆ, ಅಜ್ಜಿ "ಕಡುಬು ಕಟ್ಟೋ ಕೈ ಸುಡ್ಲೇಬೇಕು ಕಣೇ" ಎನ್ನುತ್ತಿದ್ದಳು. ಮೊದಲ ಹಬೆಯ ಕಡುಬು ನಮಗಲ್ಲ, ಕೊಟ್ಟಿಗೆಗೆ.

ಕೊಟ್ಟಿಗೆಯಲ್ಲಿ ಹಿಂದೆ ಹದಿನಾಲ್ಕು ಕೊರಳಿತ್ತು. ಈಗ ಮೂರೇ. ಎರಡು ಮಲೆನಾಡು ಗಿಡ್ಡ, ಒಂದು ಕರು. ಎತ್ತು ಹೋಗಿ ಟಿಲ್ಲರ್ ಬಂತು, ಮೇಯಿಸುವ ಹುಡುಗರು ಶಾಲೆಗೆ ಹೋದರು. ಹೋಗಬೇಕಾದ್ದೇ. ಮೂರನ್ನೂ ಮೀಯಿಸಿ, ಕೊಂಬಿಗೆ ಕೆಮ್ಮಣ್ಣು ಬಳಿದರು. ಪಾವಿನ ಬಾಯನ್ನು ಸುಣ್ಣದ ನೀರಿಗೆ ಅದ್ದಿ ಮೈಮೇಲೆಲ್ಲ ಗುಂಡನೆ ಮುದ್ರೆ ಒತ್ತುವುದು ಮಕ್ಕಳ ಕೆಲಸ. ಕರುವಿನ ಮೈ ಸಣ್ಣದು, ಮಕ್ಕಳು ಒಂಬತ್ತು, ಆದ್ದರಿಂದ ಅದಕ್ಕೆ ಬಿಳಿ ಬಿಟ್ಟು ಬೇರೆ ಬಣ್ಣವೇ ಉಳಿಯಲಿಲ್ಲ. ಕೊರಳಿಗೆ ಚೆಂಡುಹೂ, ಹಸಿ ಅಡಿಕೆ, ನಡುವೆ ನಡುವೆ ಹಾಲುಗಟ್ಟಿದ ಭತ್ತದ ತೆನೆ ಸೇರಿಸಿ ಕಟ್ಟಿದ ಸರ. ಆ ತೆನೆ ನಮ್ಮದೇ ಗದ್ದೆಯದು. ಪಕ್ಕದ ಮೂರು ಮನೆಯವರು ಬಂದು ನಮ್ಮ ಗದ್ದೆಯಿಂದ ಒಂದೊಂದು ಹಿಡಿ ತೆನೆ ಕೇಳಿ ಕೊಯ್ದುಕೊಂಡು ಹೋದರು. ಅವರ ಬಯಲಿನಲ್ಲಿ ಈಗ ಭತ್ತವಿಲ್ಲ.

ಬಲೀಂದ್ರನ ಕಥೆ ಎಲ್ಲರಿಗೂ ಗೊತ್ತು. ವಾಮನ ಮೂರು ಹೆಜ್ಜೆ ನೆಲ ಕೇಳಿದ, ಎರಡರಲ್ಲಿ ಭೂಮಿ ಆಕಾಶ ಮುಗಿಯಿತು, ಮೂರನೆಯದಕ್ಕೆ ಬಲಿ ತಲೆ ಕೊಟ್ಟ. ವರ್ಷಕ್ಕೊಂದು ಸಲ ತನ್ನ ನೆಲ ನೋಡಲು ಬರುವ ವರ ಪಡೆದ. ಪುರಾಣ ಅಲ್ಲಿಗೆ ನಿಲ್ಲಿಸುತ್ತದೆ. ಅಜ್ಜಿ ಮುಂದುವರಿಸುತ್ತಿದ್ದಳು: "ಅವ್ನು ಬಂದು ಮನೆ ನೋಡಲ್ಲ ಕಣೋ, ಗದ್ದೆ ನೋಡ್ತಾನೆ. ನಾನ್ ಬಿಟ್ಟೋದ್ ನೆಲದಲ್ಲಿ ಏನ್ ಬೆಳ್ದವ್ರೆ, ಬೀಳು ಬಿಟ್ಟವ್ರಾ ಅಂತ. ಕತ್ಲಲ್ಲಿ ಕಾಣ್ಬೇಕಲ್ಲ, ಅದ್ಕೇ ದೀಪ." ದೀಪಾವಳಿಯ ಬಗ್ಗೆ ನಾನು ಎಷ್ಟೋ ವಿವರಣೆ ಓದಿದ್ದೇನೆ. ತೆನೆ ಕಾಲದ ಹುಳ ದೀಪಕ್ಕೆ ಬಿದ್ದು ಸಾಯುತ್ತವೆ ಎಂಬುದನ್ನೂ ಕೇಳಿದ್ದೇನೆ. ಆದರೆ ಅಜ್ಜಿ ಹೇಳಿದ್ದರಷ್ಟು ಸರಿಯಾಗಿ ನನ್ನ ಮನಸ್ಸಿಗೆ ಕೂತದ್ದು ಇನ್ನೊಂದಿಲ್ಲ. ಕೊಟ್ಟವನು ಲೆಕ್ಕ ನೋಡಲು ಬರುತ್ತಾನೆ. ಅವನಿಗೆ ತೋರಿಸಲು ನಮ್ಮ ಹತ್ತಿರ ಏನಾದರೂ ಇರಬೇಕು.

ಭತ್ತದ ಬಯಲು ಖಾಲಿಯಾದದ್ದು ಒಂದೇ ವರ್ಷದಲ್ಲಲ್ಲ. ಮೊದಲು ಕೂಲಿ ಏರಿತು, ನಾಟಿಗೆ ಜನ ಸಿಗದಾದರು. ಇಂಟಾನ್ ಭತ್ತ ಬೆಳೆದು ಬಂದ ದುಡ್ಡು ಖರ್ಚಿಗೇ ಸಾಲದಾಯಿತು. ಕೆಲವರು ಗದ್ದೆಯಲ್ಲಿ ಶುಂಠಿ ಹಾಕಿದರು, ಕೆಲವರು ಕಾಲುವೆ ತೆಗೆದು ನೀರು ಬಸಿದು ಅಡಿಕೆ, ರೊಬಸ್ಟಾ ನೆಟ್ಟರು. 2024–25ರಲ್ಲಿ ಕಾಫಿಗೆ ಹಿಂದೆಂದೂ ಕಾಣದ ಬೆಲೆ ಬಂದ ಮೇಲೆ ಉಳಿದ ಗದ್ದೆಗಳಿಗೂ ಗುಂಡಿ ಬಿತ್ತು. ಅವರನ್ನು ತಪ್ಪು ಎನ್ನಲಾರೆ. ಸಾಲ ತೀರಿಸಬೇಕಾದವರು, ಮಗಳನ್ನು ಓದಿಸಬೇಕಾದವರು ಏನು ಮಾಡಿಯಾರು? ಆದರೂ ಒಂದು ಮಾತು ಹೇಳಲೇಬೇಕು. ಗುಡ್ಡದ ಮಳೆಯನ್ನು ನಾಲ್ಕು ತಿಂಗಳು ಬದು ಕಟ್ಟಿ ನಿಲ್ಲಿಸಿಕೊಂಡು ನೆಲಕ್ಕಿಳಿಸುತ್ತಿದ್ದದ್ದು ಇದೇ ಗದ್ದೆಗಳು. ಬೇಸಿಗೆಯಲ್ಲಿ ನಮ್ಮ ಬಾವಿಯಲ್ಲಿ ನೀರಿದ್ದದ್ದು, ಕೆಳಗಿನ ಹಳ್ಳ ಸಣ್ಣಗಾದರೂ ಹರಿಯುತ್ತಾ ಹೇಮಾವತಿ ಸೇರುತ್ತಿದ್ದದ್ದು ಅದರಿಂದಲೇ. ಗದ್ದೆ ಹೋದದ್ದನ್ನು ಮೊದಲು ಕಂಡುಕೊಂಡವನು ಬಲೀಂದ್ರನಲ್ಲ, ಏಪ್ರಿಲ್‌ನಲ್ಲಿ ಬಾವಿಗೆ ಇಣುಕಿದ ನನ್ನ ಅಣ್ಣ.

ಇನ್ನೊಂದು ಕಾರಣ ಆನೆ. ತೆನೆ ಹಾಲುಗಟ್ಟುವ ವಾಸನೆ ಆನೆಗೆ ದೂರದಿಂದ ಸಿಗುತ್ತದೆ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಸಕಲೇಶಪುರ, ಆಲೂರು ಕಡೆಯ ಗದ್ದೆಯವರಿಗೆ ನಿದ್ದೆಯಿಲ್ಲ. ಹೈಕೋರ್ಟ್ ಆದೇಶದಂತೆ ರಚನೆಯಾಗಿ ವಿಜ್ಞಾನಿ ರಾಮನ್ ಸುಕುಮಾರ್ ಅಧ್ಯಕ್ಷತೆ ವಹಿಸಿದ್ದ ಆನೆ ಕಾರ್ಯಪಡೆ 2012ರಲ್ಲೇ ವರದಿ ಕೊಟ್ಟು, ಆಲೂರು ಭಾಗದ ಆನೆಗಳನ್ನು ಹಿಡಿದು ಸಾಗಿಸಬೇಕೆಂದು ಹೇಳಿತ್ತು. ಹಿಡಿದದ್ದೂ ಆಯಿತು, ಸಾಗಿಸಿದ್ದೂ ಆಯಿತು. ತೋಟದ ನೆರಳಿನಲ್ಲಿ ಮತ್ತೆ ಹಿಂಡುಗಳು ಕಂಡವು, ಮರಿಗಳೂ ಕಂಡವು. ಆನೆ ತುಳಿದು ಸತ್ತವರ ಮನೆಗಳಿಗೆ ನಾನು ಹೋಗಿ ಕೂತು ಬಂದಿದ್ದೇನೆ. ಬೆಳಗ್ಗೆ ಕೆಲಸಕ್ಕೆಂದು ತೋಟಕ್ಕೆ ಹೊರಟವರು ಅವರೆಲ್ಲ.

ಆನೆಯ ಸಾವನ್ನೂ ನಮ್ಮ ಊರು ಕಂಡಿದೆ. 2012ರಿಂದ 2019ರವರೆಗೆ ಎಂಟು ದಸರೆಗಳಲ್ಲಿ ಚಿನ್ನದ ಅಂಬಾರಿ ಹೊತ್ತ ಅರ್ಜುನ, 2023ರ ಡಿಸೆಂಬರ್ 4ರಂದು ನಮ್ಮ ಯಸಳೂರು ವಲಯದ ದಬ್ಬಳಿಕಟ್ಟೆಯ ಹತ್ತಿರ, ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಕಾಡಾನೆಯೊಂದಿಗೆ ಸೆಣಸಿ ಸತ್ತ. ಅವನನ್ನು ಅಲ್ಲೇ ಮಣ್ಣು ಮಾಡಿದರು. ಟಿ.ವಿ.ಯಲ್ಲಿ ಅಂಬಾರಿ ನೋಡಿ ಕೈಮುಗಿಯುತ್ತಿದ್ದ ದೊಡ್ಡಮ್ಮ ಆ ದಿನ ಊಟ ಮಾಡಲಿಲ್ಲ. ಅದೇ ವಾರ ಬೇರೆ ಆನೆಗಳು ನಮ್ಮ ಬಾಳೆ ಮುರಿದಿದ್ದವು. ಎರಡೂ ಒಂದೇ ಮನೆಯಲ್ಲಿ, ಒಂದೇ ವಾರ. ಆನೆಯ ಬಗ್ಗೆ ಒಂದೇ ಮಾತಿನಲ್ಲಿ ಪರ ಅಥವಾ ವಿರೋಧ ಹೇಳಿಬಿಡುವವರು ಇಲ್ಲಿ ಒಂದು ಹಬ್ಬ ಕಳೆದು ನೋಡಬೇಕು ಎಂದು ಅನಿಸುತ್ತದೆ.

ನಮ್ಮ ಭತ್ತದ ಬೇಸಾಯವೂ ನಿಲ್ಲುವುದರಲ್ಲಿತ್ತು. ಮನೆ ಪಾಲಾದಾಗ ಗದ್ದೆಯೂ ಮೂರು ಪಾಲಾಗಿತ್ತು. ಆರು ವರ್ಷದ ಹಿಂದೆ ಅಣ್ಣ "ಈ ಸಲಕ್ಕೆ ಸಾಕು, ಮುಂದಿನ ವರ್ಷದಿಂದ ಅಡಿಕೆ" ಅಂದ. ದೊಡ್ಡಪ್ಪ ಒಂದು ಮಾತೂ ಆಡಲಿಲ್ಲ. ಆ ದೀಪಾವಳಿಯಲ್ಲಿ ಕೋಲು ಕಟ್ಟುತ್ತಾ ಕಟ್ಟುತ್ತಾ, "ಮುಂದಿನ್ ವರ್ಷ ಇವನ್ನ ಎಲ್ಲಿ ನೆಡದು?" ಎಂದು ಮಾತ್ರ ಕೇಳಿದರು. ರಾತ್ರಿ ಊಟವಾದ ಮೇಲೆ ಜಗಲಿಯಲ್ಲಿ ಅಣ್ಣತಮ್ಮಂದಿರು, ಅಕ್ಕತಂಗಿಯರು ಕೂತೆವು. ಮನೆಯ ಮುಂದಿನ ಹನ್ನೊಂದು ಗದ್ದೆ ಯಾರ ಪಾಲಿಗೆ ಬಂದಿದ್ದರೂ ಭತ್ತವೇ ಇರಲಿ, ನಾಟಿಯ ಕೂಲಿ ಎಲ್ಲರೂ ಸೇರಿ ಹಾಕುವುದು ಎಂದು ಮಾತಾಯಿತು. ದುಬೈನ ತಮ್ಮ ಅಂದಿನಿಂದ ಪ್ರತಿ ಜೂನ್‌ನಲ್ಲಿ ತನ್ನ ಪಾಲು ಕಳಿಸುತ್ತಾನೆ. ಬಂದ ಅಕ್ಕಿ ತೂಕ ಮಾಡಿ ಹಂಚಿಕೊಂಡರೆ ಒಬ್ಬೊಬ್ಬರಿಗೆ ಒಂದು ಮೂಟೆಯೂ ಬರುವುದಿಲ್ಲ. ಹಬ್ಬದ ಕಡುಬಿನ ತರಿ ಮಾತ್ರ ಈ ಅಕ್ಕಿಯದೇ.

ಬಲಿಪಾಡ್ಯಮಿಯ ಮಧ್ಯಾಹ್ನ ಅಂಗಳದಲ್ಲಿ ಸಗಣಿಯ ಕೋಟೆ ಕಟ್ಟಿ, ನಡುವೆ ಬಲೀಂದ್ರನನ್ನು ಕೂರಿಸಿ, ಹುಚ್ಚೆಳ್ಳು ಹೂ ಮುಡಿಸುತ್ತಿದ್ದೆವು. ನಾಲ್ಕರ ಸುಮಾರಿಗೆ ಅಣ್ಣನ ಫೋನಿಗೆ ಸಂದೇಶ ಬಂತು. ಹಿಂಡು ಹಳ್ಳದಾಚೆಯ ತೋಟದಲ್ಲಿದೆ, ಸಂಜೆ ಮೇಲೆ ಯಾರೂ ಓಡಾಡಬೇಡಿ ಎಂದು. ಅಣ್ಣ ದೊಡ್ಡಪ್ಪನ ಹತ್ತಿರ ಹೋಗಿ ಮೆಲ್ಲಗೆ ಹೇಳಿದ.

"ದೊಡ್ಡಪ್ಪ, ಐದು ಗಂಟೆಗೇ ದೀಪ ಇಟ್ಟು ಬಂದ್ಬಿಡಣ."

"ಹೊತ್ತು ಮುಳುಗ್ದೆ ದೀಪ ಇಟ್ರೆ ಅದೇನ್ ದೀಪನೋ ಮಾರಾಯ?"

"ಮಕ್ಳು ಮರಿ ಅವೆ. ಕತ್ಲಾದ್ಮೇಲೆ ನಾನ್ ಯಾರನ್ನೂ ಕೆಳಿಕ್ಕೆ ಬಿಡಲ್ಲ."

ದೊಡ್ಡಪ್ಪನಿಗೆ ಎಂಬತ್ತೆರಡು. ಆ ಬಯಲಿನಲ್ಲಿ ಅರವತ್ತು ಕೋಲು ನೆಟ್ಟವರು. ಒಬ್ಬೊಬ್ಬರು ಒಂದೊಂದು ಬದುವಿನಲ್ಲಿ ನಿಂತು ಕೂಗು ಹಾಕಿದರೆ, ಹಳ್ಳದಾಚೆಯ ಊರಿನವರು ತಮ್ಮ ಗದ್ದೆಯಿಂದ ತಿರುಗಿ ಕೂಗುತ್ತಿದ್ದ ಕಾಲ ಕಂಡವರು. ಅವರು ಸ್ವಲ್ಪ ಹೊತ್ತು ಗದ್ದೆಯ ಕಡೆ ನೋಡಿ, "ಸರಿ ನಡೀರಿ" ಅಂದರು. ಕೋಲಿನ ಕಟ್ಟನ್ನು ಮಾತ್ರ ಯಾರ ಕೈಗೂ ಕೊಡಲಿಲ್ಲ.

ಐದೂಕಾಲಿಗೆ ಇಳಿದೆವು. ಅಣ್ಣ ಮುಂದೆ, ಕೈಯಲ್ಲಿ ಪಟಾಕಿ, ಟಾರ್ಚು. ಅವನ ಹಿಂದೆ ದೊಡ್ಡಪ್ಪ, ಆಮೇಲೆ ಮಕ್ಕಳು, ಕೊನೆಗೆ ನಾವು. ಮೋಡ ಕವಿದಿತ್ತು, ಬೆಳಕು ಬೂದುಬಣ್ಣಕ್ಕೆ ತಿರುಗಿತ್ತು. ಪ್ರತಿ ಗದ್ದೆಯ ಮೂಲೆಯಲ್ಲಿ ದೊಡ್ಡಪ್ಪ ನಿಂತು, ಕೋಲನ್ನು ಎರಡೂ ಕೈಯಲ್ಲಿ ಹಿಡಿದು ಕೆಸರಿಗೆ ಒತ್ತಿ, ಅಲುಗಾಡಿಸಿ ನೋಡಿ, ಪಕ್ಕದಲ್ಲಿ ಎಲೆ ತುಂಡಿನ ಮೇಲೆ ಒಂದು ಕಡುಬು ಇಟ್ಟು, ದೀಪ ಹಚ್ಚಲು ಒಂದು ಮಗುವನ್ನು ಕರೆಯುತ್ತಿದ್ದರು. ಒಂಬತ್ತು ಮಕ್ಕಳಿಗೆ ಒಂಬತ್ತು ಕೋಲು. ಹತ್ತನೆಯದನ್ನು ಅವ್ವನ ಹೆಸರಿನಲ್ಲಿ ನಾನು ಹಚ್ಚಿದೆ, ಅವಳು ಮೇಲೆ ಜಗಲಿಯಲ್ಲಿ ಕೂತು ನೋಡುತ್ತಿದ್ದಳು. ಹನ್ನೊಂದನೆಯದು ಹಳ್ಳಕ್ಕೆ ಅಂಟಿಕೊಂಡ ಕೊನೆಯ ಗದ್ದೆ. ಅದನ್ನು ದೊಡ್ಡಪ್ಪನೇ ಹಚ್ಚಿ, ಆಚೆ ದಡದ ಕಡೆ ಮುಖ ಮಾಡಿ ಒಂದು ಕೂಗು ಹಾಕಿದರು. ವಯಸ್ಸಾದ ಗಂಟಲು, ಆದರೂ ಗುಡ್ಡಕ್ಕೆ ಬಡಿದು ಬಂತು. ಆಚೆಯಿಂದ ಯಾರೂ ಕೂಗಲಿಲ್ಲ. ಮಕ್ಕಳು ಕೂಗಿದರು, ಒಂಬತ್ತೂ ಸೇರಿ. ಅಣ್ಣ ಸುಮ್ಮನಿರಿ ಅನ್ನಲಿಲ್ಲ.

ಮನೆಗೆ ಹತ್ತಿ ಬಂದಾಗಲೂ ಕತ್ತಲಾಗಿರಲಿಲ್ಲ. ಆ ಬೆಳಕಿನಲ್ಲಿ ದೀಪಗಳು ದೀಪದಂತೆ ಕಾಣಲಿಲ್ಲ, ಸಣ್ಣ ಹೊಗೆಯಂತೆ ಕಂಡವು. ದೊಡ್ಡಪ್ಪ ಜಗಲಿಯ ಕಂಬಕ್ಕೆ ಒರಗಿ ಕೂತರು. ಮೂರು ಸುತ್ತು ಬಿಗಿ, ಮೂರು ಸುತ್ತು ಸಡಿಲ ಹಾಕಿದ ಬಟ್ಟೆ ನಿಧಾನವಾಗಿ ಎಣ್ಣೆ ಬಿಡುತ್ತಾ ಉರಿಯಿತು. ಆರೂಮುಕ್ಕಾಲಿಗೆ ಬಯಲು ಕಪ್ಪಾಗುತ್ತಾ ಹೋದಂತೆ ಒಂದೊಂದಾಗಿ ಹಳದಿ ಚುಕ್ಕೆಗಳು ಎದ್ದವು. ಮಕ್ಕಳು ಎಣಿಸಿದರು. ಹನ್ನೊಂದೂ ಇದ್ದವು. ನನ್ನ ಮಗಳು ಬಂದು ದೊಡ್ಡಪ್ಪನ ಪಕ್ಕ ಕೂತು, "ಅಜ್ಜ, ಬಲೀಂದ್ರ ಈಗ ನೋಡ್ತಾ ಇದಾನಾ?" ಎಂದು ಕೇಳಿದಳು. "ಹೂಂ ಮತ್ತೆ, ಮೇಲಿನ್ ಗದ್ದೆಯಿಂದ ನೋಡ್ಕೊಂಡ್ ಬರ್ತಾ ಅವ್ನೆ" ಅಂದರು.

ರಾತ್ರಿ ಎರಡು ಸಲ ನಾಯಿ ಬೊಗಳಿತು. ಒಮ್ಮೆ ಹಳ್ಳದ ಕಡೆ ಬಿದಿರು ಮುರಿದ ಸದ್ದು.

ಮಾರನೇ ದಿನ ಕರಿ. ಅಡುಗೆಮನೆಯಲ್ಲಿ ಕೋಳಿಸಾರಿಗೆ ಮಸಾಲೆ ರುಬ್ಬುತ್ತಿದ್ದರು. ಬಿಸಿಲು ಬರುವ ಮೊದಲೇ ದೊಡ್ಡಪ್ಪ, ಅಣ್ಣ, ನಾನು ಗದ್ದೆಗಿಳಿದೆವು. ಕೊನೆಯ ಗದ್ದೆಯ ಬದುವಿನ ಮೇಲೆ ದೊಡ್ಡ ದೊಡ್ಡ ಹೆಜ್ಜೆ, ಒಳಗೆ ನೀರು ನಿಂತಿತ್ತು. ಪಕ್ಕದಲ್ಲೇ ಇನ್ನೊಂದು ಸಾಲು ಸಣ್ಣ ಹೆಜ್ಜೆ. ಮರಿಯದು. ಗದ್ದೆಯ ಒಂದು ಮೂಲೆಯಲ್ಲಿ ಹಾಸಿಗೆಯಷ್ಟಗಲ ಪೈರು ಮಲಗಿತ್ತು, ಉಳಿದದ್ದು ನಿಂತಿತ್ತು. ಎಲೆಯ ಮೇಲಿಟ್ಟ ಕಡುಬು ಇರಲಿಲ್ಲ.

ದೊಡ್ಡಪ್ಪ ಒಂದೊಂದೇ ಕೋಲು ಕಿತ್ತು, ಸುಟ್ಟ ಬಟ್ಟೆ ಕೆರೆದು, ಕಂಕುಳಿಗೆ ಸಿಕ್ಕಿಸಿಕೊಳ್ಳುತ್ತಾ ಬಂದರು. ಹತ್ತು ಸಿಕ್ಕವು. ಹನ್ನೊಂದನೆಯದು ಆನೆ ಕಾಲಿಗೆ ಸಿಕ್ಕಿ ಕೆಸರಿನೊಳಗೆ ಹೋಗಿತ್ತು, ತುದಿ ಮಾತ್ರ ಕಾಣುತ್ತಿತ್ತು. ಅಣ್ಣ ಬಗ್ಗಿ ಎಳೆದ, ಎರಡು ತುಂಡಾಗಿ ಬಂತು. ಹತ್ತು ಕೋಲನ್ನು ಹಳ್ಳದಲ್ಲಿ ತೊಳೆದು, ಮನೆಗೆ ಬಂದು ಒಲೆಯ ಮೇಲಿನ ಅಟ್ಟಕ್ಕೆ ಸಿಕ್ಕಿಸಿದರು. ಹೊಗೆ ಹಿಡಿದರೆ ಹುಳ ಹೊಡೆಯುವುದಿಲ್ಲ. ಆಮೇಲೆ ಕತ್ತಿ ತೆಗೆದುಕೊಂಡು ಬಿದಿರು ಮೆಳೆಯ ಕಡೆ ಹೋದರು.